ವಾಪಸ್‌ನ ನಾಲ್ಕು ಬೂಟು

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಮದ್ದೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನೇನ್ ನೋಡುದ್ರಿ ಮೇಷ್ಟ್ರೇ?" ಶ್ವೇತಭವನವನ್ನು ಬೇಲಿಯ ಆಚೆಯಿಂದ ನೋಡಿದೆ. ಅಷ್ಟು ದೂರದಿಂದ ನಮ್ಮ ಕಡೆಯ ಯಾವುದೋ ದೊಡ್ಡ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ, ಅಷ್ಟೆ. ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿ ಬೇರೆ. ಒಂದು ನಾಯಿಯ ನಾಲ್ಕು ಕಾಲಿಗೂ ಬೂಟು ಹಾಕಿಸಿ ಹಿಮದ ಮೇಲೆ ನಡೆಸಿ ಬಂದವನು ನಾನು. ನಗುವವರು ನಗಲಿ. ಸರ್ಕಾರಿ ಹೈಸ್ಕೂಲುಗಳಲ್ಲಿ ಆಯುಷ್ಯವೆಲ್ಲ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ನಗುವವರ ಮುಂದೆ ನಿಲ್ಲುವುದು ಹೊಸದೇನಲ್ಲ.

ಲಾರೆನ್ಸ್‌ವಿಲ್

ಕೋವಿಡ್ ಗಲಾಟೆಯೆಲ್ಲ ಮುಗಿದು, ವೀಸಾ ಕೊಡುವವರು ಕೊನೆಗೂ ಕಣ್ಣುಬಿಟ್ಟ ಮೇಲೆ ನಾನೂ ನನ್ನ ಹೆಂಡತಿ ಸರೋಜಳೂ ಹೊರಟೆವು. ಕರೆಸಿಕೊಂಡವಳು ನನ್ನ ತಂಗಿಯ ಮಗಳು ಅಮೃತ. ಅವಳ ಮನೆ ಇರುವುದು ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿ. ಆದರೆ ಡಿಸೆಂಬರ್ ರಜೆಗೆ ಅವಳು, ಗಂಡ ಕಿರಣ್, ಮಗಳು ಇರಾ ಮೂವರೂ ಅಟ್ಲಾಂಟಾ ಹತ್ತಿರದ ಅಲ್ಫರೆಟಾಕ್ಕೆ, ಸ್ನೇಹಿತರ ಮನೆಗೆ ಬಂದಿದ್ದರು. ಹಾಗಾಗಿ ನಾವೂ ಅಟ್ಲಾಂಟಾದಲ್ಲೇ ಇಳಿದು, ಅಲ್ಲಿಂದ ಎಲ್ಲರೂ ಒಂದೇ ಕಾರಿನಲ್ಲಿ ವರ್ಜೀನಿಯಾಕ್ಕೆ ಹೋಗುವುದೆಂದು ಏರ್ಪಾಡಾಯಿತು.

ಅಲ್ಫರೆಟಾದಲ್ಲಿ ನಾನು ಮೊದಲ ಬೆಳಗ್ಗೆಯೇ ವಾಕಿಂಗ್ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಫುಟ್‌ಪಾತೇ ಮುಗಿದುಹೋಯಿತು! ಹುಲ್ಲಿನ ಮೇಲೆ ನಡೆಯುತ್ತಿದ್ದರೆ ಒಬ್ಬಾಕೆ ಕಾರು ನಿಲ್ಲಿಸಿ, ದಾರಿ ತಪ್ಪಿತೇ, ಮನೆಗೆ ಬಿಡಲೇ ಎಂದು ಬಹಳ ಕನಿಕರದಿಂದ ಕೇಳಿದಳು. ಕಾಲಿನಲ್ಲಿ ನಡೆಯುವವನನ್ನು ಕಂಡರೆ ಅಲ್ಲಿಯವರು ಪಾಪ, ಇವನಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ.

ಆ ಊರಿನಿಂದ ಹೊರಡುವ ಮುನ್ನ ಇರಾಳ ಹಟ ಗೆದ್ದಿತು. ನಾಲ್ಕನೇ ಕ್ಲಾಸಿನ ಈ ಹುಡುಗಿ ನಾಯಿ ಬೇಕೆಂದು ಅಪ್ಪನ ಬೆನ್ನು ಬಿದ್ದು ಎಷ್ಟೋ ಕಾಲವಾಗಿತ್ತಂತೆ. ಲಾರೆನ್ಸ್‌ವಿಲ್ ಎಂಬ ಊರಿನಲ್ಲಿ ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಜಾಗವಿತ್ತು. ಅಲ್ಲಿ ಅವಳು ಆರಿಸಿದ ನಾಯಿಯನ್ನು ನೋಡಿ ನನಗೆ ನಗು ಬಂತು. ಕಂದು ಮೈ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋತು. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ವಡೆ ಮಾರುವವರ ಹಿಂದೆ ಸುತ್ತುವಂಥದ್ದೇ! ಇದಕ್ಕಾಗಿ ಸಮುದ್ರ ದಾಟಬೇಕಿತ್ತೇ?

ಅಲ್ಲಿಯ ಹೆಂಗಸು, ಒಂದು ತಿಂಗಳು ಇಟ್ಟುಕೊಂಡು ನೋಡಿ, ಹೊಂದಿಕೆಯಾಗದಿದ್ದರೆ ವರ್ಜೀನಿಯಾದಲ್ಲಿ ತಮಗೆ ಗೊತ್ತಿರುವ ಇನ್ನೊಂದು ಜಾಗಕ್ಕೆ ಒಪ್ಪಿಸಬಹುದು ಎಂದಳು. ಕಿರಣ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಕೇಳಿಸ್ಕೊಂಡ್ಯಾ ಇರಾ? ಒನ್ ಮಂತ್. ಮನೆ ಗಲೀಜು ಮಾಡಿದ್ರೆ ಕೊಟ್ಬಿಡೋದೇ." ಅಳಿಯಂದಿರು ಒಳ್ಳೆಯವರು, ಆದರೆ ಮನೆಯಲ್ಲಿ ಒಂದು ಕೂದಲು ಬಿದ್ದರೂ ಬಗ್ಗಿ ಎತ್ತುವ ಜಾತಿ.

"ತಾತ, ಇವನ ನೇಮ್ ವಾಫಲ್," ಎಂದಳು ಇರಾ.

ನನಗೆ ಕೇಳಿಸಿದ್ದು ವಾಪಸ್ ಎಂದು. "ವಾಪಸ್ಸಾ? ಇದೇನಮ್ಮ ಪುಟ್ಟಿ ಹೆಸ್ರು!"

"ನೋ ತಾತ, ವಾಫಲ್! ಅದು ಬ್ರೇಕ್‌ಫಸ್ಟ್."

ನಾಯಿಗೆ ತಿಂಡಿಯ ಹೆಸರಿಡುವ ದೇಶ! ನಮ್ಮಲ್ಲಿ ಯಾರಾದರೂ 'ಉಪ್ಪಿಟ್ಟೂ, ಬಾರೋ' ಎಂದು ನಾಯಿಯನ್ನು ಕರೆದದ್ದುಂಟೇ? ನನ್ನ ನಾಲಗೆ ಎಷ್ಟು ತಿರುಚಿದರೂ ವಾಪಲ್ ಆಗಿ, ಮತ್ತೆ ವಾಪಸ್ ಆಗುತ್ತಿತ್ತು. ಆ ನಾಯಿಗೂ ಏನು ರುಚಿಸಿತೋ, ನಾನು "ವಾಪಸ್" ಎಂದರೆ ಕಿವಿ ನಿಮಿರಿಸಿ ಬರುತ್ತಿತ್ತು. ವಾಪಸ್ ಎಂದರೆ ಏನೆಂದು ಇರಾ ಕೇಳಿದಳು. ಕಿರಣ್ ನಗುತ್ತಾ "ರಿಟರ್ನ್ ಅಂತ" ಎಂದುಬಿಟ್ಟರು.

ಮಗುವಿನ ಮುಖ ಸಪ್ಪಗಾಯಿತು. "ಹಾಗೆ ಕರೀಬೇಡಿ ತಾತ. ಇವನು ರಿಟರ್ನ್ ಹೋಗಲ್ಲ."

ಕೆರೊಲಿನಾಗಳ ದಾರಿ

ಸೌತ್ ಕೆರೊಲಿನಾ, ನಾರ್ತ್ ಕೆರೊಲಿನಾ ಎಂದು ಎರಡು ರಾಜ್ಯ ದಾಟಬೇಕು. ಎರಡೂ ಕಡೆ ನೋಡಲು ಪೈನ್ ಮರ, ಪೈನ್ ಮರ, ಮತ್ತೆ ಪೈನ್ ಮರ. ವಾಪಸ್ ನನ್ನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು. ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದಲ್ಲಿ ಸೂಟು ಬೂಟಿನ ಮನುಷ್ಯನೊಬ್ಬ ತನ್ನ ನಾಯಿ ಕೂತೆದ್ದ ಜಾಗದಲ್ಲಿ ಬಗ್ಗಿ, ಕೈಗೆ ಚೀಲ ಹಾಕಿಕೊಂಡು ಎಲ್ಲ ಬಳಿದೆತ್ತಿದ. ಸರೋಜ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನೋಡ್ರೀ, ಎಷ್ಟು ಭಕ್ತಿ!" ಎಂದಳು. ನಾನು ನಕ್ಕುಬಿಟ್ಟೆ. ಆದರೆ ಆ ಜಾಗದ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಬಹುದಿತ್ತು ಎಂಬುದೂ ನಿಜ.

ಆ ಸಂಜೆ ತಂಗಿದ್ದು ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಪ್ರದೇಶದಲ್ಲಿ ಕೆಲಸ ಮಾಡುವ ಕಿರಣ್‌ರ ಸ್ನೇಹಿತನ ಮನೆಯಲ್ಲಿ. ಬಾಗಿಲ ಬಳಿ ಚಪ್ಪಲಿ, ಶೂಗಳ ಸಾಲು ನೋಡಿದರೆ ಸಾಕು, ನಮ್ಮವರ ಮನೆಗೆ ಬೋರ್ಡು ಬೇಡ. ವಾಪಸ್ ಆ ಸಾಲನ್ನೆಲ್ಲ ಮೂಸಿ, ಬಹಳ ಯೋಚಿಸಿ, ಕಿರಣ್‌ರ ಹೊಸ ಶೂವನ್ನೇ ಆರಿಸಿ ಹಿಮ್ಮಡಿ ಅಗಿದು ಹಾಕಿತು. ಕಿರಣ್ ಫೋನು ತೆಗೆದು ಕ್ಯಾಲೆಂಡರ್ ನೋಡಿದರು. ಅದು ನನಗೆ ಒಳ್ಳೆಯದೆನಿಸಲಿಲ್ಲ.

ಆಶ್‌ಬರ್ನ್, ಉಪ್ಪು

ಅಮೃತಳ ಊರು ಆಶ್‌ಬರ್ನ್. ನಾವು ಹೋದ ಮೂರನೇ ವಾರದಲ್ಲಿ ಹಿಮ ಬಿತ್ತು. ಬೆಳಗ್ಗೆ ಕಿಟಕಿ ತೆರೆದರೆ ಎಲ್ಲವೂ ಬೆಳ್ಳಗೆ. ಸರೋಜ ಮಗುವಿನಂತೆ ಕೈತಟ್ಟಿದಳು. ಕಿವಿ ಮುಚ್ಚುವ ಟೋಪಿ, ಕೋಟು, ಮೇಲೊಂದು ಶಾಲು ಹೊದ್ದು ಬಾಗಿಲು ತೆಗೆದವಳು ಹೊಸಿಲಿನಲ್ಲೇ ನಿಂತುಬಿಟ್ಟಳು.

"ರೀ, ಬನ್ನಿ ಇಲ್ಲಿ. ಯಾರೋ ಉಪ್ಪು ನಿವಾಳಿಸಿ ಚೆಲ್ಲಿದ್ದಾರೆ!"

ನೋಡಿದರೆ ಹೌದು, ಮೆಟ್ಟಿಲ ಮೇಲೆ, ಮುಂದಿನ ಕಾಲುದಾರಿಯ ಉದ್ದಕ್ಕೂ ದಪ್ಪ ಕಲ್ಲುಪ್ಪು. ನಮ್ಮಲ್ಲಿ ದೃಷ್ಟಿ ತೆಗೆದ ಉಪ್ಪನ್ನು ಮೂರು ದಾರಿ ಕೂಡುವಲ್ಲಿ ಚೆಲ್ಲುತ್ತಾರೆ, ಅದನ್ನು ತುಳಿದವರಿಗೆ ಆ ದೃಷ್ಟಿ ತಗುಲುತ್ತದೆ ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಹೊಸ ನಾಯಿ ಬಂದ ಮನೆ, ಯಾರ ಕಣ್ಣು ಬಿತ್ತೋ ಎಂದು ಸರೋಜ ಲೊಚಗುಟ್ಟಿದಳು. ಅಮೃತ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅಯ್ಯೋ ಅತ್ತೆ, ಅದು ಐಸ್ ಕರಗ್ಲಿ ಅಂತ ಹಾಕೋದು! ಇಡೀ ಊರಿಗೆ ಟ್ರಕ್ಕಲ್ಲಿ ಹಾಕ್ತಾರೆ."

"ಯಾತಕ್ಕಾದ್ರೂ ಹಾಕ್ಲಿ ಕಣೇ, ಉಪ್ಪು ತುಳೀಬಾರ್ದು," ಎಂದು ಸರೋಜ ಸೀರೆಯನ್ನು ಎತ್ತಿ ಹಿಡಿದು ಹಿಮದೊಳಕ್ಕೇ ಕಾಲಿಟ್ಟಳು, ಮೊಣಕಾಲವರೆಗೆ ಹೂತುಹೋದಳು. ಅವಳನ್ನು ಎಳೆದೆತ್ತುವುದೇ ಒಂದು ಕೆಲಸವಾಯಿತು.

ವಾಪಸ್‌ಗೆ ಯಾರೂ ಈ ಶಾಸ್ತ್ರ ಹೇಳಿಕೊಟ್ಟಿರಲಿಲ್ಲ. ಅಟ್ಲಾಂಟಾ ಕಡೆಯ ಹುಲ್ಲಿನ ಮೇಲೆ ಬೆಳೆದ ಪ್ರಾಣಿ, ಖುಷಿಯಿಂದ ಉಪ್ಪಿನ ಮೇಲೆಯೇ ಓಡಿತು. ಮೂಲೆ ತಿರುಗುವಷ್ಟರಲ್ಲಿ ಒಂದು ಕಾಲೆತ್ತಿತು, ಆಮೇಲೆ ಇನ್ನೊಂದು, ಕೊನೆಗೆ ಕುಂಯ್ ಎಂದು ಕುಳಿತುಬಿಟ್ಟಿತು. ನಾನೇ ಹೊತ್ತುಕೊಂಡು ಬಂದೆ. ಬೆರಳ ಸಂದಿಯಲ್ಲಿ ಹಿಮ ಗೋಲಿಯಂತೆ ಗಟ್ಟಿಯಾಗಿ ಕೂತಿತ್ತು. ಅಂಗಾಲು ಕೆಂಪಾಗಿ ಬಿರಿದಿತ್ತು. ಸರೋಜ ಗೆದ್ದವಳ ಹಾಗೆ ನಮ್ಮೆಲ್ಲರನ್ನೂ ನೋಡಿದಳು. "ನಾನು ಹೇಳ್ಲಿಲ್ವಾ?"

ಮಾರನೆಯ ದಿನದಿಂದ ವಾಪಸ್ ಹೊರಗೆ ಕಾಲಿಡಲು ಒಪ್ಪಲಿಲ್ಲ. ಬಾಗಿಲು ತೆಗೆದರೆ ಸೋಫಾದ ಕೆಳಗೆ ನುಗ್ಗುತ್ತಿತ್ತು. ಹೊರಗೆ ಮಾಡಬೇಕಾದ ಕೆಲಸವನ್ನೆಲ್ಲ ಅದುಮಿಟ್ಟುಕೊಂಡು, ನೀರನ್ನೂ ಕುಡಿಯದೆ ಮಲಗಿರುತ್ತಿತ್ತು. ಇರಾ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು ಹೋಂವರ್ಕ್ ಬರೆದಳು.

ಆಶ್‌ಬರ್ನ್, ಹರಳೆಣ್ಣೆ

ಹಿಮ್ಮಡಿ ಒಡೆದರೆ ಮಂಡ್ಯ ಕಡೆ ಏನು ಮಾಡುತ್ತಾರೆ? ಹರಳೆಣ್ಣೆ ಹಚ್ಚುತ್ತಾರೆ. ಇದನ್ನು ಯಾರನ್ನಾದರೂ ಕೇಳಬೇಕೇ? ಎಲ್ಲರೂ ಕೆಲಸದಲ್ಲಿದ್ದ ಹೊತ್ತು ನೋಡಿ, ಸರೋಜ ತಂದಿದ್ದ ಹರಳೆಣ್ಣೆ ಬಾಟಲಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ನಾಲ್ಕು ಪಾದಗಳಿಗೂ ಧಾರಾಳವಾಗಿ ತಿಕ್ಕಿದೆ. ವಾಪಸ್ ಕಣ್ಣು ಮುಚ್ಚಿ ಸುಖಪಟ್ಟಿತು. ನನಗೂ ಹೆಮ್ಮೆಯಾಯಿತು, ಆಹಾ, ಇಷ್ಟೇ ತಾನೇ ಎಂದುಕೊಂಡು ಟೀ ಮಾಡಿಕೊಳ್ಳಲು ಹೋದೆ.

ನಾನು ಮರೆತದ್ದು ಒಂದೇ. ಮನುಷ್ಯ ತನ್ನ ಹಿಮ್ಮಡಿಯನ್ನು ನೆಕ್ಕುವುದಿಲ್ಲ.

ನಾಯಿ ಹಚ್ಚಿದ ಎಣ್ಣೆಯನ್ನೆಲ್ಲ ಒಂದು ಹನಿಯೂ ಬಿಡದೆ ನೆಕ್ಕಿ ಮುಗಿಸಿತ್ತು. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತೆಂದರೆ ನಮ್ಮವ್ವ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದದ್ದು ಯಾತಕ್ಕೆ ಎಂಬುದು ನನಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು. ವಾಪಸ್ ಎಲ್ಲಿಗೆ ಓಡಿತು ಅಂತೀರಿ? ಬೇರೆ ಜಾಗವೇ ಇರಲಿಲ್ಲವೇ? ಕಿರಣ್ ಮನೆಯಿಂದಲೇ ಕೆಲಸ ಮಾಡುವ ಕೋಣೆ, ಬಿಳಿ ಕಾರ್ಪೆಟ್, ಮೇಲಾಗಿ ಅವರು ಕಂಪ್ಯೂಟರಿನಲ್ಲಿ ಮೀಟಿಂಗಿನಲ್ಲಿದ್ದರು.

ಉಜ್ಜಿ ತೊಳೆದದ್ದು ನಾನೇ. ಸಂಜೆ ಕಿರಣ್ ನನ್ನ ಎದುರು ಕೂತರು. ದನಿ ಏರಿಸಲಿಲ್ಲ.

"ಮಾವ, ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಹೊರಗೇ ಹೋಗಲ್ಲ ಅಂದ್ರೆ ಹೇಗೆ ಇಟ್ಕೊಳ್ಳೋದು? ಶನಿವಾರಕ್ಕೆ ಒನ್ ಮಂತ್ ಆಗುತ್ತೆ. ಡ್ರೈವ್ ಮಾಡ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಅದಕ್ಕೂ ಕಷ್ಟ, ನಮಗೂ ಕಷ್ಟ."

ಮಾತು ನ್ಯಾಯವಾಗಿಯೇ ಇತ್ತು, ಅದೇ ಸಂಕಟ. ಮೆಟ್ಟಿಲ ಮೇಲೆ ಕೂತಿದ್ದ ಇರಾ ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ, "ನೀವು ವಾಪಸ್ ವಾಪಸ್ ಅಂದ್ರಿ ತಾತ," ಎಂದಳು. ಯಾವ ಹೆಡ್‌ಮೇಷ್ಟ್ರು ಬೈದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಆಶ್‌ಬರ್ನ್, ಬೂಟು

ಅಮೃತ ನಾಯಿ ಡಾಕ್ಟರಿಗೆ ಫೋನು ಮಾಡಿದಳು. ಹರಳೆಣ್ಣೆಯ ಕಥೆ ಕೇಳಿ ಆಕೆ ಅದನ್ನೇ ಎರಡು ಸಲ ಹೇಳಿಸಿಕೊಂಡು ನಕ್ಕಳಂತೆ. ಆಮೇಲೆ ಹೇಳಿದ್ದಿಷ್ಟು. ಆ ಉಪ್ಪು ನಾಯಿಯ ಅಂಗಾಲನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಕೆಟ್ಟದ್ದು, ಆದ್ದರಿಂದ ತುಳಿಯಲು ಬಿಡಬೇಡಿ. ಹೊರಗಿನಿಂದ ಬಂದ ಕೂಡಲೇ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ. ಅಲ್ಲಿಯ ಕೂದಲು ಕತ್ತರಿಸಿ. ನಾಯಿಗೆಂದೇ ಮಾಡಿದ ಮೇಣ ಹಚ್ಚಿ, ಹೊರಗೆ ಹೋಗುವಾಗ ಬೂಟು ಹಾಕಿ.

"ಉಪ್ಪು ತುಳೀಬೇಡಿ, ಕಾಲು ತೊಳ್ಕೊಂಡು ಒಳಗೆ ಬನ್ನಿ. ಇದನ್ನೇ ತಾನೇ ನಾನು ಬಂದಾಗಿಂದ ಬಡ್ಕೊಳ್ತಿರೋದು? ಡಾಕ್ಟ್ರು ಇಂಗ್ಲಿಷಲ್ಲಿ ಹೇಳಿದ್ರೆ ಮಾತ್ರ ನಿಮಗೆ ಕಿವಿ ಕೇಳ್ಸುತ್ತೆ," ಎಂದು ಸರೋಜ ಅಂದೇ ಬಾಗಿಲ ಬಳಿ ಒಂದು ಟಬ್ಬು, ಚೊಂಬು, ಟವೆಲು ಇಟ್ಟಳು. ನಾಯಿಗೆ ಮಾತ್ರವಲ್ಲ, ಬಂದವರಿಗೆಲ್ಲ. ಪಾರ್ಸೆಲ್ ತಂದ ಪಾಪದ ಮನುಷ್ಯನೂ ಟಬ್ಬನ್ನು ನೋಡಿ ಗಲಿಬಿಲಿಯಾಗಿ ಹಿಂದೆ ಸರಿದ.

ಅಮೃತ ಅಂಗಡಿಯಿಂದ ಬೂಟು ತಂದಳು. ಕೆಂಪು ಬಣ್ಣ, ರಬ್ಬರಿನ ತಳ, ಬಿಗಿಯಲು ಅಂಟುಪಟ್ಟಿ, ನಾಲ್ಕು. ನಾನು ವಾಪಸ್‌ಗೆ ನಾಲ್ಕನ್ನೂ ತೊಡಿಸಿ, ನೆಟ್ಟಗೆ ನಿಲ್ಲಿಸಿ, ಅಭ್ಯಾಸಬಲದಿಂದ "ಆಗೇ ಬಢ್! ಏಕ್ ದೋ, ಏಕ್ ದೋ!" ಎಂದೆ. ಅದು ಒಂದು ಕಾಲನ್ನು ಮೇಲೆತ್ತಿ ಹಾಗೆಯೇ ನಿಂತಿತು. ಇನ್ನೊಂದನ್ನು ಎತ್ತಿತು. ಬೂಟಿನ ಕೆಳಗೆ ನೆಲವೇ ಇಲ್ಲವೆಂಬಂತೆ, ನಾಟಿ ಗದ್ದೆಯ ಕೆಸರಿನಲ್ಲಿ ನಡೆದಂತೆ, ಕಾಲನ್ನು ಕಿತ್ತು ಕಿತ್ತು ಇಟ್ಟಿತು. ಅಮೃತಳೂ ಇರಾಳೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ನಗಲಿಲ್ಲ. ಈ ನಡಿಗೆಯನ್ನು ನಾನು ನೋಡಿದ್ದೆ!

ನಮ್ಮ ಹಳ್ಳಿಗಳ ಹೈಸ್ಕೂಲಿಗೆ ಮಕ್ಕಳು ಬರಿಗಾಲಲ್ಲೇ ಬರುತ್ತಿದ್ದರು. ಜಿಲ್ಲಾ ಮಟ್ಟದ ಪೆರೇಡು ಬಂದಾಗ ಯಾರೋ ಪುಣ್ಯಾತ್ಮರು ಬಿಳಿ ಕ್ಯಾನ್ವಾಸ್ ಶೂ ಕೊಡಿಸುತ್ತಿದ್ದರು. ಹುಟ್ಟಿದ ಮೇಲೆ ಮೊದಲ ಸಲ ಶೂ ಹಾಕಿದ ಮಕ್ಕಳು ಹೀಗೆಯೇ, ಸಾಕ್ಷಾತ್ ಹೀಗೆಯೇ ನಡೆಯುತ್ತಿದ್ದರು. ಸಿಟಿ ಶಾಲೆಯ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಅಲ್ಲಿ ನಾನು ಕಲಿತ ಪಾಠ ಒಂದಿತ್ತು: ಹೊಸ ಶೂ ಹಾಕಿದವರಿಗೆ ಡ್ರಿಲ್ ಮಾಡಿಸಬಾರದು. ಶೂ ಹಾಕಿಸಿ ಕಬಡ್ಡಿಗೆ ಬಿಡಬೇಕು. ಆಟದ ಗದ್ದಲದಲ್ಲಿ ಅವರಿಗೆ ಕಾಲಿದೆ ಎಂಬುದೇ ಮರೆತುಹೋಗುತ್ತದೆ. ಆಮೇಲೆ ಆ ಮಕ್ಕಳು ಮೈದಾನಕ್ಕೆ ಇಳಿದರೆ ಎದುರಿಗಿದ್ದವರು ನಗು ನುಂಗಿಕೊಳ್ಳಬೇಕು, ಹಾಗೆ ನಡೆಯುತ್ತಿದ್ದರು ನನ್ನ ಹುಡುಗರು.

"ಪುಟ್ಟಿ, ಬೇಸ್‌ಮೆಂಟಿಗೆ ಬಾಲ್ ತಗೊಂಡು ಬಾ," ಎಂದೆ.

ಅಲ್ಲಿಂದ ಶನಿವಾರದವರೆಗೂ ನಮ್ಮ ಶಾಲೆ ಬೇಸ್‌ಮೆಂಟಿನಲ್ಲೇ ನಡೆಯಿತು. ಬೂಟು ಹಾಕಿದರೆ ಮಾತ್ರ ಊಟದ ಬಟ್ಟಲು. ಬೂಟು ಹಾಕಿದರೆ ಮಾತ್ರ ಚೆಂಡು. ಇರಾ ಚೆಂಡು ಎಸೆಯುವುದು, ನಾನು "ವಾಪಸ್!" ಎಂದು ಕೂಗುವುದು, ಅದು ಚೆಂಡನ್ನು ಕಚ್ಚಿಕೊಂಡು ತಪತಪ ಓಡಿ ಬರುವುದು. ಮೊದಮೊದಲು ಗೋಡೆಗೆ ಡಿಕ್ಕಿ ಹೊಡೆಯಿತು, ಜಾರಿತು, ಬೂಟನ್ನು ಕಚ್ಚಿ ಎಳೆಯಿತು. ಆಮೇಲೆ ಚೆಂಡಿನ ಹುಚ್ಚಿನಲ್ಲಿ ಕಾಲನ್ನು ಮರೆತೇಬಿಟ್ಟಿತು. ಮಿಕ್ಕ ಹೊತ್ತಿನ ಅವಸರಕ್ಕೆ ಗ್ಯಾರೇಜಿನಲ್ಲಿ ರಟ್ಟು ಹಾಸಿದ್ದೆವು. ಕಿರಣ್ ಅದನ್ನು ನೋಡಿಯೂ ನೋಡದವರಂತೆ ಓಡಾಡಿದರು. ಆದರೆ ಶನಿವಾರದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಬೇಸ್‌ಮೆಂಟಿನಲ್ಲಿ ನಡೆದರೇನು ಬಂತು, ಹೊರಗೆ ಹೋಗಬೇಕಲ್ಲ?

ಆಶ್‌ಬರ್ನ್, ಶನಿವಾರ

ಮಾರನೆಯ ದಿನ ಗಣರಾಜ್ಯೋತ್ಸವ. ಹಿಂದಿನ ದಿನವೆಂದರೆ ನನ್ನ ಲೆಕ್ಕದಲ್ಲಿ ಫೈನಲ್ ರಿಹರ್ಸಲ್ಲು. ಹೊರಗೆ ಕಾರು ಬಿಸಿಯಾಗಲೆಂದು ಕಿರಣ್ ಆಗಲೇ ಸ್ಟಾರ್ಟ್ ಮಾಡಿ ಬಿಟ್ಟಿದ್ದರು. ಇರಾ ನಾಯಿಯ ಬಟ್ಟಲನ್ನೂ ಚೆಂಡನ್ನೂ ತನ್ನ ಸ್ಕೂಲ್ ಬ್ಯಾಗಿಗೆ ತುಂಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಕಿರಣ್, ಕಾರು ಬಿಸಿ ಆಗೋ ತನಕ ಟೈಮ್ ಕೊಡಿ," ಎಂದೆ. "ಮೇಲ್‌ಬಾಕ್ಸ್ ತನಕ ಹೋಗಿ ಬರ್ತೀವಿ."

"ಐಸ್ ಇದೆ ಮಾವ. ಬೀಳ್ತೀರ."

"ನಾನು ಬೀಳೋದೇನ್ರೀ? ಡ್ರಿಲ್ ಮೇಷ್ಟ್ರು!"

ಬಾಗಿಲು ತೆಗೆದೆ. ವಾಪಸ್ ಹೊಸಿಲಲ್ಲಿ ನಿಂತು ಉಪ್ಪನ್ನು ಮೂಸಿತು. ಮೈ ನಡುಗಿತು. ನಾನು ಎಳೆಯದೆ ಕೊರಳ ಹಗ್ಗವನ್ನು ಸಡಿಲ ಬಿಟ್ಟೆ. ಒಂದು ಕೆಂಪು ಬೂಟನ್ನು ಮುಂದಿಟ್ಟಿತು. ಕರಕ್ ಎಂದಿತು ಉಪ್ಪು. ಕಾಲು ಸುಡಲಿಲ್ಲ. ನನ್ನ ಮುಖ ನೋಡಿತು. ಇನ್ನೊಂದು ಬೂಟು ಇಟ್ಟಿತು. ಆಮೇಲೆ ನೋಡಬೇಕಿತ್ತು ನೀವು, ಕರಕ್ ಕರಕ್ ಕರಕ್ ಕರಕ್! ಬಾಲ ಮೇಲೆತ್ತಿ, ತಲೆ ನೆಟ್ಟಗೆ, ಮೆಟ್ಟಿಲಿಳಿದು ಉಪ್ಪಿನ ಮೇಲೆಯೇ ರಸ್ತೆಬದಿಯ ಮೇಲ್‌ಬಾಕ್ಸಿನವರೆಗೆ ನಡೆದು, ಪಕ್ಕದ ಮರದ ಬುಡಕ್ಕೆ ಹಿಂಗಾಲೆತ್ತಿ ಇಷ್ಟು ದಿನದ್ದನ್ನೆಲ್ಲ ತೀರಿಸಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಬಾಗಿಲಲ್ಲಿ ನಿಂತ ಅಳಿಯಂದಿರಿಗೆ ಕಾಣಲೆಂದು "ಪೀಛೇ ಮುಡ್!" ಎಂದು ನಾನೂ ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿದೆ.

ತಿರುಗಿದ್ದು ಐಸಿನ ಮೇಲೆ. ಅಂಗಾತ ಬಿದ್ದೆ. ಹಗ್ಗ ಕೈಬಿಟ್ಟಿತು.

ಅದೇ ಹೊತ್ತಿಗೆ ಒಂದು ಅಳಿಲು ರಸ್ತೆಯತ್ತ ಓಡಬೇಕೇ! ವಾಪಸ್ ಅದರ ಹಿಂದೆ. ತಿರುವಿನಲ್ಲಿ ಉಪ್ಪು ಎರಚುವ ದೊಡ್ಡ ಟ್ರಕ್ಕು ಬರುತ್ತಿತ್ತು. ಕೂಗೋಣವೆಂದರೆ ಬಿದ್ದ ರಭಸಕ್ಕೆ ನನ್ನ ಉಸಿರೇ ಸಿಕ್ಕಿಹಾಕಿಕೊಂಡಿತ್ತು. ಊರಿಗೆಲ್ಲ ಕೇಳುವಂತೆ ಕೂಗಿ ಬದುಕಿದ ಗಂಟಲು, ಬೇಕಾದಾಗ ಬರಲಿಲ್ಲ.

"ವಾಫಲ್!" ಎಂದು ಇರಾ ಚೀರಿದಳು. "ವಾಫಲ್, ಸ್ಟಾಪ್!" ನಾಯಿ ತಿರುಗಿ ನೋಡಲಿಲ್ಲ. ಆ ಹೆಸರನ್ನು ಅದು ಕಲಿತೇ ಇರಲಿಲ್ಲ, ಕಲಿಯಲು ನಾನು ಬಿಟ್ಟಿದ್ದರೆ ತಾನೇ?

ಅವಳು ಬ್ಯಾಗನ್ನು ಎಸೆದು ಅಂಗಳಕ್ಕಿಳಿದಳು. ಆಮೇಲೆ ಆ ಪುಟ್ಟ ಗಂಟಲಿನಿಂದ, ನಮ್ಮ ಮೈದಾನದಲ್ಲಿ ನಿಂತು ಕೂಗಿದ ಹಾಗೆ: "ವಾಪಸ್! ವಾಪಸ್ ಬಾ!"

ರಸ್ತೆಯ ಅಂಚಿನಲ್ಲಿ ನಾಲ್ಕು ಕಾಲನ್ನೂ ಊರಿ ನಿಂತಿತು ನೋಡಿ! ರಬ್ಬರ್ ತಳ ಕಚ್ಚಿ ಹಿಡಿಯಿತು. ಒಂದು ಬೂಟು ಕಳಚಿ ಹಾರಿತು. ಟ್ರಕ್ಕು ಉಪ್ಪೆರಚುತ್ತಾ ಮುಂದೆ ಹೋಯಿತು. ವಾಪಸ್ ಮೂರು ಬೂಟಿನಲ್ಲಿ ಓಡಿ ಬಂದು ಇರಾಳ ಮೇಲೆ ಬಿತ್ತು.

ಕಿರಣ್ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮಕ್ಕೆ ಓಡಿ ಬಂದರು. ನನ್ನನ್ನು ಎತ್ತುತ್ತಾರೆಂದು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಆ ಬೂಟನ್ನು ಎತ್ತಿಕೊಂಡರು. ಬಂದು ಮೆಟ್ಟಿಲ ಮೇಲೆ ಕುಳಿತು, ವಾಪಸ್‌ನ ಬರಿಯ ಪಾದವನ್ನು ಅಂಗೈಯಲ್ಲಿ ಹಿಡಿದು, ತಮ್ಮ ಸ್ವೆಟರಿನ ತೋಳಿನಿಂದ ಉಪ್ಪನ್ನು ಒರೆಸಿದರು. ಒಂದು ಕೂದಲು ಬಿದ್ದರೂ ಎತ್ತುವ ಮನುಷ್ಯ!

"ಮಾವ," ಎಂದರು ತಲೆಯೆತ್ತದೆ, "ಇದ್ರಲ್ಲಿ ಲೆಫ್ಟ್ ರೈಟ್ ಇದ್ಯಾ?"

"ಇಲ್ಲ, ನಾಲ್ಕೂ ಒಂದೇ," ಎಂದೆ ಮಲಗಿದ್ದಲ್ಲಿಂದಲೇ.

ಬೂಟು ತೊಡಿಸಿ, ಅಂಟುಪಟ್ಟಿ ಬಿಗಿದು, ಸರಿಯಾಗಿದೆಯೇ ಎಂದು ಎಳೆದು ನೋಡಿದರು. "ಇರಾ, ಹೋಗಿ ಕಾರ್ ಆಫ್ ಮಾಡು."

ಅವಳು ಅಲ್ಲಾಡಲಿಲ್ಲ. "ಇವತ್ತು ಮಾತ್ರನಾ ಅಪ್ಪ?"

"ಇವತ್ತು ಮಾತ್ರ ಅಲ್ಲ."

ಜಿಲ್ಲಾ ಮಟ್ಟದಲ್ಲಿ ನನ್ನ ತಂಡಕ್ಕೆ ಕಪ್ ಬಂದದ್ದಿದೆ, ಹಾರ ಹಾಕಿಸಿಕೊಂಡದ್ದಿದೆ. ಆ ಬೆಳಗ್ಗೆ ಉಬ್ಬಿದಷ್ಟು ನನ್ನ ಎದೆ ಎಂದೂ ಉಬ್ಬಿರಲಿಲ್ಲ. ಸೊಂಟ ನೋಯುತ್ತಿದ್ದರೂ ಹಿಮದಲ್ಲಿ ಮಲಗಿಕೊಂಡೇ ಒಂದು ಸೆಲ್ಯೂಟ್ ಹೊಡೆದೆ. ಬಾಗಿಲಲ್ಲಿ ಸರೋಜ ಟಬ್ಬಿಗೆ ಬಿಸಿನೀರು ಸುರಿದು ಒಬ್ಬೊಬ್ಬರನ್ನೇ ನಿಲ್ಲಿಸಿಕೊಳ್ಳುತ್ತಿದ್ದಳು. ಮೊದಲು ನಾಯಿ, ಆಮೇಲೆ ಅಳಿಯಂದಿರು. ವಾಪಸ್‌ನ ಬೂಟು ಬಿಚ್ಚಲು ಬಗ್ಗಿದವಳಿಗೆ ನನ್ನ ನೆನಪಾಯಿತು.

"ರೀ! ಬಿದ್ಕೊಂಡಿದ್ದು ಸಾಕು, ವಾಪಸ್ ಬನ್ನಿ!"

ಕರೆದದ್ದು ನನ್ನನ್ನು. ಅವಳ ಕೈಯಿಂದ ಬಿಡಿಸಿಕೊಂಡು, ಉಪ್ಪಿನ ಮೇಲೆ ನಾಲ್ಕೂ ಬೂಟು ಕರಕರ ಎನಿಸುತ್ತಾ ನನ್ನ ಬಳಿಗೆ ಓಡಿ ಬಂದವನು ಅವನು.